ಎಲೆಯ ಕೆಳಗಿನ ಕೆಂಪು

ನಮ್ಮ ಮನೆಯಲ್ಲಿ ಎರಡು ಕತ್ತರಿಗಳಿದ್ದವು. ಒಂದು ನನ್ನದು, ಬಟ್ಟೆ ಕತ್ತರಿಸುವುದು. ಇನ್ನೊಂದು ಅತ್ತೆಯದು, ಅಂಜೂರದ ಗಿಡ ಸವರುವುದು. ಮದುವೆಯಾಗಿ ಬಂದ ಮೊದಲ ವಾರವೇ ನಾವಿಬ್ಬರೂ ಗಡಿ ಹಾಕಿಕೊಂಡಿದ್ದೆವು. ನನ್ನದನ್ನು ಅವರು ಮುಟ್ಟಬಾರದು, ಅವರದನ್ನು ನಾನು ಮುಟ್ಟಬಾರದು. ಹೊಲಿಗೆ ಕೆಲಸದವರಿಗೆ ಇದು ಗೊತ್ತಿರುತ್ತದೆ. ಬಟ್ಟೆ ಕತ್ತರಿಯಲ್ಲಿ ಯಾರಾದರೂ ಒಂದು ಸಲ ಕಾಗದ ಕತ್ತರಿಸಿದರೂ ಸಾಕು, ಆಮೇಲೆ ಅದು ಬಟ್ಟೆಯನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ಅತ್ತೆಗೂ ತಮ್ಮ ಕತ್ತರಿಯ ಬಗ್ಗೆ ಅಂಥದೇ ಮಡಿ. “ಗಿಡಕ್ಕ ಒಂದ ಕೈ ಗೊತ್ತಿರಬೇಕು ಹುಡುಗಿ. ಎರಡು ಕೈ ಬಿದ್ರ ಎತ್ತಾಗ ಬೆಳೀಬೇಕು ಅಂತ ಅದಕ್ಕ ತಿಳಿಯಂಗಿಲ್ಲ” ಎನ್ನುತ್ತಿದ್ದರು. ನನಗೆ ಐವತ್ತು ದಾಟಿದ ಮೇಲೂ ಅವರು ನನ್ನನ್ನು ಹುಡುಗಿ ಎಂದೇ ಕರೆಯುತ್ತಿದ್ದರು.

ನಾವಿರುವುದು ದೋಣಿಮಲೈಯಲ್ಲಿ, ಕಬ್ಬಿಣದ ಅದಿರಿನ ಗಣಿಯ ಕ್ವಾರ್ಟರ್ಸಿನಲ್ಲಿ. ನಮ್ಮ ಮನೆಯವರು ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವರ ತಂದೆಯೂ ಇಲ್ಲೇ ಕೆಲಸ ಮಾಡಿದವರು, ನಾನು ಬರುವಷ್ಟರಲ್ಲಿ ತೀರಿಕೊಂಡಿದ್ದರು. ನಾನು ಕಾಲೊನಿಯ ಹೆಂಗಸರಿಗೆ ಬ್ಲೌಸ್ ಹೊಲಿಯುತ್ತೇನೆ. ಮುಂದಿನ ಕೋಣೆಯ ಕಿಟಕಿಯ ಹತ್ತಿರ ಮಷೀನು ಹಾಕಿಕೊಂಡು ಕೂತರೆ ಅಂಗಳ ಪೂರ್ತಿ ಕಾಣುತ್ತದೆ. ಹಾಗಾಗಿ ಮುಂದೆ ಹೇಳುವುದರಲ್ಲಿ ಯಾವುದನ್ನೂ ನಾನು ನೋಡಲಿಲ್ಲ ಎನ್ನುವ ಹಾಗಿಲ್ಲ. ಎಲ್ಲ ನನ್ನ ಕಣ್ಣೆದುರೇ ನಡೆಯಿತು.

ಅಂಜೂರವನ್ನು ಡ್ರಮ್ಮಿನಲ್ಲಿ ಯಾಕೆ ಬೆಳೆಸಿದಿರಿ, ನೆಲ ಇರಲಿಲ್ಲವೇ ಎಂದು ಹೊಸಪೇಟೆಯ ನಮ್ಮ ನೆಂಟರು ಕೇಳುತ್ತಾರೆ. ನೆಲ ಇತ್ತು. ಹಾರೆ ಹಾಕಿದರೆ ಟಣ್ ಎಂದು ವಾಪಸ್ ಬರುವಂಥ ನೆಲ. ಅದೂ ಹೋಗಲಿ ಎಂದರೆ ಆ ನೆಲ ನಮ್ಮದಲ್ಲ. ನೌಕರಿ ಮುಗಿದ ದಿನ ಕೀಲಿಕೈ ಒಪ್ಪಿಸಿ ಹೊರಡಬೇಕು. ಅತ್ತೆ ಈ ಕಾಲೊನಿಗೆ ಬಂದ ಹೊಸತರಲ್ಲೇ ಇದನ್ನು ಲೆಕ್ಕ ಹಾಕಿದ್ದರು. ಎಣ್ಣೆಯ ಕಬ್ಬಿಣದ ಡ್ರಮ್ಮುಗಳನ್ನು ನಡುವೆ ಕೊಯ್ಯಿಸಿ, ಅಡಿಗೆ ತೂತು ಹಾಕಿಸಿ, ಹಂಚಿನ ಚೂರು ಹರವಿ, ಕೆಂಪು ಮಣ್ಣು, ಉಸುಕು, ಕೊಟ್ಟಿಗೆ ಗೊಬ್ಬರ ಕಲಸಿ ತುಂಬಿದರು. ಮೂರು ಅರ್ಧ ಡ್ರಮ್ಮು, ಮೂರು ಗಿಡ. “ಎಲ್ಲಿಗೆ ಹೋದ್ರೂ ಲಾರಿಯಾಗ ಹಾಕ್ಕೊಂಡು ಹೋಗಬಹುದು” ಎನ್ನುವುದು ಅವರ ಧೈರ್ಯ.

ಆ ಮೂರು ಗಿಡದ ಕಡ್ಡಿಗಳು ಬಂದದ್ದು ಕಂಪ್ಲಿ ಕಡೆಯ ಎಮ್ಮಿಗನೂರಿನಿಂದ. ಅದು ಅತ್ತೆಯ ತವರು. ಅವರ ಅಪ್ಪನಿಗೆ ಅಲ್ಲಿ ಅಂಜೂರದ ತೋಟ ಇತ್ತಂತೆ. ಕಾಲುವೆಯ ನೀರು ಬಂದು ಸುತ್ತಲೂ ಭತ್ತದ ಗದ್ದೆ ಆದಮೇಲೆ ತೋಟ ಉಳಿಯಲಿಲ್ಲ. ಅಂಜೂರಕ್ಕೆ ಬುಡದಲ್ಲಿ ನೀರು ನಿಂತರೆ ಆಗುವುದಿಲ್ಲ, ಭತ್ತಕ್ಕೆ ನಿಲ್ಲದಿದ್ದರೆ ಆಗುವುದಿಲ್ಲ. ತವರಿನವರು ಭತ್ತದ ಪಕ್ಷ ವಹಿಸಿದರು. ಗಿಡ ಕಡಿದ ದಿನ ಅತ್ತೆ ಬೆರಳು ಗಾತ್ರದ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಅಪ್ಪನ ಕತ್ತರಿಯನ್ನೂ ಅದರೊಳಗೆ ಇಟ್ಟುಕೊಂಡು ಬಸ್ಸು ಹತ್ತಿದರಂತೆ. ಕತ್ತರಿ ಕೊಡಿ ಎಂದು ಕೇಳಲೂ ಇಲ್ಲ, ತಂದದ್ದನ್ನು ಯಾರೂ ವಾಪಸ್ ಕೇಳಲೂ ಇಲ್ಲ.

ಡ್ರಮ್ಮಿನ ಗಿಡ ಎಂದರೆ ನೆಲದ ಗಿಡದಂತೆ ಬಿಟ್ಟಿದ್ದು ಬಿಟ್ಟ ಹಾಗೆ ಬೆಳೆಯುವುದಲ್ಲ. ಅದಕ್ಕೆ ಗೋಡೆ ಇದೆ. ದಸರೆಯ ಆಸುಪಾಸಿಗೆ, ಮಳೆ ಹಿಂದಾದ ಮೇಲೆ, ಅತ್ತೆ ದೊಡ್ಡ ಕತ್ತರಿ ಹಾಕುತ್ತಿದ್ದರು. ಪ್ರತಿ ಕೊಂಬೆಯಲ್ಲಿ ಮೂರು ಕಣ್ಣು ಬಿಟ್ಟು ಉಳಿದದ್ದೆಲ್ಲ ಕೆಳಗೆ. ಕಣ್ಣು ಎಂದರೆ ಚಿಗುರು ಒಡೆಯುವ ಗಂಟು. ಮೂರನೆಯ ಕಣ್ಣು ಯಾವ ಕಡೆ ಮುಖ ಮಾಡಿದೆ ಎನ್ನುವುದು ಮುಖ್ಯ. ಹೊರಕ್ಕೆ ಮುಖ ಇರಬೇಕು. ಒಳಗೆ ಮುಖ ಮಾಡಿದ್ದರೆ ಇನ್ನೊಂದು ಕಣ್ಣು ಕೆಳಗೆ ಹೋಗಬೇಕು. ಕೊಂಬೆಯನ್ನು ಬೆರಳಿನಲ್ಲಿ ತಿರುವಿ, ತಿರುವಿ, ಕಟಕ್ ಎಂದು ಒಂದೇ ಸಲ. ಕೊಯ್ದ ಕಡೆ ಬಿಳಿ ಹಾಲು ಒಸರುತ್ತದೆ. ಅದು ಮೈಗೆ ಹತ್ತಿದರೆ ಬೊಬ್ಬೆ. ಅದಕ್ಕೆ ನಾನು ಉಳಿದ ತುಂಡು ಬಟ್ಟೆಗಳಿಂದ ಅವರಿಗೆ ಉದ್ದನೆಯ ತೋಳು ಹೊಲಿದು ಕೊಟ್ಟಿದ್ದೆ. ಒಂದು ತೋಳು ಹಸಿರು, ಒಂದು ತೋಳು ಹಳದಿ. ಅದನ್ನು ಮೊಣಕೈವರೆಗೆ ಏರಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು, ಗಿಡದ ಮುಂದೆ ಸ್ಟೂಲು ಹಾಕಿಕೊಂಡು ಕೂತರೆ ಥೇಟ್ ಕಟಿಂಗ್ ಶಾಪಿನವರು. ಕೊಯ್ದ ಗಾಯಕ್ಕೆ ಸಗಣಿ ಮೆತ್ತುವ ಕೆಲಸ ಮಾತ್ರ ನನ್ನದು.

ಮೂರು ವರ್ಷಕ್ಕೊಮ್ಮೆ ಬೇರಿಗೂ ಕತ್ತರಿ. ನಮ್ಮ ಮನೆಯವರು ಡ್ರಮ್ಮನ್ನು ಮಗ್ಗುಲಿಗೆ ಉರುಳಿಸಿ ಗಿಡವನ್ನು ಎಳೆದು ಹೊರಗೆ ತೆಗೆಯುತ್ತಿದ್ದರು. ಬೇರು ಡ್ರಮ್ಮಿನ ಆಕಾರಕ್ಕೇ ಸುತ್ತಿ ಸುತ್ತಿ ಹೆಣೆದುಕೊಂಡಿರುತ್ತಿತ್ತು, ಸಿಂಬೆಯ ಹಾಗೆ. ಅತ್ತೆ ಕುಡುಗೋಲು ಹಿಡಿದು ಸುತ್ತಲೂ ನಾಲ್ಕು ಬೆರಳಷ್ಟು ಕೊಯ್ದು ಹಾಕುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ಗಿಡ ಸತ್ತೇ ಹೋಯಿತು ಅನಿಸಿತ್ತು. ಹೊಸ ಮಣ್ಣು ತುಂಬಿ ನಿಲ್ಲಿಸಿದ ಇಪ್ಪತ್ತು ದಿನಕ್ಕೆ ಚಿಗುರಿತು.

ಗಡಿಯನ್ನು ನಾನೇ ಒಂದು ಸಲ ದಾಟಿದ್ದೇನೆ. ಮದುವೆಯಾದ ಮೂರನೆಯ ವರ್ಷ ಅತ್ತೆ ಎಮ್ಮಿಗನೂರಿಗೆ ಹೋಗಿದ್ದಾಗ, ಬಾಗಿಲಿಗೆ ಅಡ್ಡ ಬರುತ್ತಿದ್ದ ಒಂದು ಕೊಂಬೆಯನ್ನು ನನ್ನ ಬಟ್ಟೆ ಕತ್ತರಿಯಿಂದಲೇ ಕತ್ತರಿಸಿ ಹಾಕಿದೆ. ಹಾಲು ಅಲಗಿಗೆ ಅಂಟಿತು. ನಾನು ಒರೆಸಿದೆ ಅಂದುಕೊಂಡೆ. ಮರುದಿನ ಒಬ್ಬರ ಮದುವೆಯ ಹಳದಿ ರೇಷ್ಮೆ ಬ್ಲೌಸಿನ ಮೇಲೆ ಕಂದು ಗೆರೆ ಬಿತ್ತು, ಅವರ ಕೈಯಲ್ಲಿ ಹೊಟ್ಟೆ ತುಂಬ ಬೈಸಿಕೊಂಡೆ. ಅತ್ತೆ ಬಂದವರು ಬ್ಯಾಗು ಇಳಿಸುವ ಮುಂಚೆಯೇ ಗಿಡ ನೋಡಿದರು. ಎಂಟು ದಿನ ಮಾತೇ ಆಡಲಿಲ್ಲ. ಆಮೇಲೆ ನಾನು ಮನಸ್ಸಿನಲ್ಲೇ ಹಟ ಹಿಡಿದೆ: ಯಾವತ್ತಾದರೂ ಒಂದು ದಿನ ಈಕೆ ತಾನಾಗಿ ಆ ಕತ್ತರಿಯನ್ನು ನನ್ನ ಕೈಗೆ ಕೊಡಬೇಕು. ಕೊಡುವವರೆಗೂ ಮುಟ್ಟುವುದಿಲ್ಲ. ಇದು ಚಿಕ್ಕ ಹಟ ಎನ್ನುವುದು ಗೊತ್ತು. ಆದರೆ ಅತ್ತೆ-ಸೊಸೆಯ ನಡುವೆ ದೊಡ್ಡ ಹಟಗಳಿಗೆ ಪುರುಸೊತ್ತು ಎಲ್ಲಿರುತ್ತದೆ.

ಇನ್ನು ಕೆಂಪು. ನಮ್ಮ ಊರಿನಲ್ಲಿ ಎಲ್ಲದರ ಮೇಲೂ ಗಣಿಯ ಕೆಂಪು ಕೂರುತ್ತದೆ. ತಂತಿಯ ಮೇಲಿನ ಬಿಳಿ ಪಂಚೆ, ಕಿಟಕಿಯ ಸರಳು, ಮುಚ್ಚಿಟ್ಟ ಮಷೀನು. ಹೊರಗಿನವರು ಬಂದರೆ ಬೆರಳಿನಿಂದ ಒರೆಸಿ ಬೆರಳನ್ನೇ ನೋಡಿಕೊಳ್ಳುತ್ತಾರೆ. ನಾವು ನೋಡುವುದಿಲ್ಲ. ಅಂಜೂರದ ಎಲೆ ಮೊದಲೇ ಒರಟು, ಧೂಳು ಹಿಡಿದುಕೊಳ್ಳುತ್ತದೆ. ಮಳೆ ಇಲ್ಲದ ದಿನಗಳಲ್ಲಿ ಅತ್ತೆ ವಾರಕ್ಕೆರಡು ಸಲ ಬಕೆಟ್ಟು, ಹಳೆ ಬಟ್ಟೆ ಇಟ್ಟುಕೊಂಡು ಒಂದೊಂದೇ ಎಲೆ ಒರೆಸುತ್ತಿದ್ದರು. ಬಕೆಟ್ಟಿನ ನೀರು ಕುಂಕುಮ ಕದಡಿದಂತೆ ಆಗುತ್ತಿತ್ತು. ಆ ನೀರನ್ನು ಗಿಡಕ್ಕೆ ಮಾತ್ರ ಹಾಕುತ್ತಿರಲಿಲ್ಲ, ದೂರ ಹೋಗಿ ಚೆಲ್ಲಿ ಬರುತ್ತಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ.

ಎರಡು ವರ್ಷದ ಹಿಂದೆ ಅವರ ಮರೆವು ಶುರುವಾಯಿತು. ಮೊದಲಿಗೆ ಸಾರಿಗೆ ಎರಡು ಸಲ ಉಪ್ಪು. ಆಮೇಲೆ ಸ್ಟಾಫ್ ಬಸ್ಸು ಬಂದು ನಿಂತ ಸದ್ದಾದರೆ, ಗಂಡ ಡ್ಯೂಟಿ ಮುಗಿಸಿ ಬಂದರು ಎಂದು ಚಹಾಕ್ಕೆ ಇಡುವುದು. ನಾನು ಮೊದಮೊದಲು ನಗುತ್ತಿದ್ದೆ, ಅವರೂ ನಗುತ್ತಿದ್ದರು. ಒಂದು ದಿನ ಮಧ್ಯಾಹ್ನ ನಾಲ್ಕು ಮನೆ ಆಚೆಯವರು ಬಂದು, “ನಿಮ್ಮ ಅತ್ತಿ ನಮ್ಮ ಅಡಿಗಿ ಮನ್ಯಾಗ ಕುಂತಾರ್ರಿ, ಬ್ಯಾಳಿ ಆರಸಾಕ ಹತ್ತ್ಯಾರ” ಎಂದರು. ನಾನು ಹೋದರೆ, ನಿಜವೇ, ಮೊರ ತೊಡೆಯ ಮೇಲಿಟ್ಟುಕೊಂಡು ಪರರ ಬೇಳೆ ಹಸನು ಮಾಡುತ್ತಿದ್ದಾರೆ. ಕ್ವಾರ್ಟರ್ಸೆಂದರೆ ಎಲ್ಲ ಒಂದೇ ಅಚ್ಚು, ಒಂದೇ ಬಾಗಿಲು, ಒಂದೇ ಬಣ್ಣ. ಅವರನ್ನು ಬೈಯುವ ಹಾಗೂ ಇರಲಿಲ್ಲ.

ಕೈಹಿಡಿದು ಕರೆತಂದೆ. ನಮ್ಮ ಅಂಗಳ ಬಂದ ಕೂಡಲೇ ಅವರು ನಿಂತು ಡ್ರಮ್ಮುಗಳನ್ನು ನೋಡಿ, “ಹಾ, ಇದು ನಮ್ಮದು” ಎಂದರು. ಅವತ್ತಿನಿಂದ ಅದೇ ಗುರುತಾಯಿತು. ಸಂಜೆ ಒಂದು ಸುತ್ತು ಅಡ್ಡಾಡಿ ಬರುತ್ತಿದ್ದರು. ಪ್ರತಿ ಮನೆಯ ಮುಂದೆಯೂ ಒಂದು ಕ್ಷಣ ನಿಲ್ಲುವುದು, ಅಂಜೂರ ಕಂಡರೆ ಒಳಗೆ ಬರುವುದು. ನಾನು ಕಿಟಕಿಯಿಂದ ನೋಡುತ್ತಾ ಮಷೀನು ತುಳಿಯುತ್ತಿದ್ದೆ. ಒಂದು ದಿನವೂ ತಪ್ಪಲಿಲ್ಲ.

ಹೊಸಪೇಟೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆವು. ಅವರು ಸ್ಕ್ಯಾನಿಂಗ್ ನೋಡಿ, ಮಾತ್ರೆ ಬರೆದು, ಇದು ಹಿಂದಕ್ಕೆ ಬರುವಂಥದ್ದಲ್ಲ ಎಂದು ಸಮಾಧಾನವಾಗಿಯೇ ಹೇಳಿದರು. ಏಳುವ ಮುಂಚೆ ಇನ್ನೊಂದು ಮಾತು ಹೇಳಿದರು: “ಕೈಗೆ ರೂಢಿ ಇರೋ ಕೆಲಸ ಬಿಡಿಸಬೇಡಿ. ತಲೆ ಮರೆತದ್ದನ್ನು ಕೈ ಇನ್ನೂ ಸ್ವಲ್ಪ ದಿನ ನೆನಪಿಟ್ಟುಕೊಳ್ಳುತ್ತೆ.” ನಾನು ತಲೆ ಆಡಿಸಿದೆ. ಬಸ್ಸಿನಲ್ಲಿ ಬರುವಾಗ ಅತ್ತೆ ಟಿ.ಬಿ. ಡ್ಯಾಮಿನ ಕಡೆ ಬೆರಳು ಮಾಡಿ, “ನೀರು ಭಾಳ ಬಂದೈತಿ, ಗದ್ದಿಗೆ ಬಿಡತಾರ, ಅಪ್ಪನ ತೋಟ ಉಳಿಯಂಗಿಲ್ಲ” ಎಂದರು. ಐವತ್ತು ವರ್ಷದ ಹಿಂದೆ ಹೋದ ತೋಟ. ನಮ್ಮ ಮನೆಯವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತರು.

ಕಳೆದ ವರ್ಷದ ಶ್ರಾವಣ. ಒಂದು ವಾರ ಜಿಟಿಜಿಟಿ ಮಳೆ ಹಿಡಿದು ಬಿಟ್ಟಿತ್ತು. ಒಂದು ಬೆಳಿಗ್ಗೆ ಕಟಕ್ ಕಟಕ್ ಎಂದು ಕೇಳಿಸಿತು. ಕಿಟಕಿಯಿಂದ ನೋಡಿದರೆ ಅತ್ತೆ ಸ್ಟೂಲು ಹಾಕಿಕೊಂಡು ಮೂರನೆಯ ಡ್ರಮ್ಮಿನ ಗಿಡ ಸವರುತ್ತಿದ್ದಾರೆ. ದಸರೆಗೆ ಇನ್ನೂ ಎರಡು ತಿಂಗಳು ಇತ್ತು. ಕೊಂಬೆಯಲ್ಲಿ ಗೋಲಿಯಷ್ಟು ಕಾಯಿ ಇದ್ದವು. ತೋಳಿಗೆ ಹಸಿರು-ಹಳದಿ ಬಟ್ಟೆಯನ್ನೂ ಹಾಕಿಕೊಂಡಿರಲಿಲ್ಲ, ಹಾಲು ಮುಂಗೈವರೆಗೆ ಇಳಿದಿತ್ತು.

“ಅತ್ತಿ, ಈಗ್ಯಾಕ್ರಿ? ಇನ್ನಾ ದಸರಾ ಬಂದಿಲ್ಲ” ಎಂದೆ.

“ಹಾಳಾಗೈತಿ” ಎಂದರು. ಮತ್ತೆ ಕಟಕ್.

“ಏನು ಹಾಳಾಗೈತ್ರಿ?”

ಎಲೆಯೊಂದನ್ನು ಕಿತ್ತು ನನ್ನ ಕಡೆ ಹಿಡಿದರು. ಕೆಳಗೆ ಕೆಂಪು ಹುಡಿ ಇತ್ತು. ನಾನು ಸೆರಗಿನ ತುದಿಯಿಂದ ಒರೆಸಿದೆ. ಸೆರಗು ಕೆಂಪಾಯಿತು. “ಧೂಳು ಅತ್ತಿ” ಎಂದೆ. ಅವರು ನನ್ನ ಮುಖ ನೋಡಿದರು, ಬಾಯಿ ತೆರೆದರು, ಯಾವುದೋ ಶಬ್ದ ಸಿಗಲಿಲ್ಲ. ಆ ದಿನಗಳಲ್ಲಿ ಅವರಿಗೆ ಹೀಗೆ ಆಗುತ್ತಿತ್ತು. ಹುಡುಕಿ ಹುಡುಕಿ ಕೊನೆಗೆ “ಹಾಳಾಗೈತಿ ಹುಡುಗಿ” ಎಂದೇ ಮತ್ತೊಮ್ಮೆ ಹೇಳಿದರು.

ಮಧ್ಯಾಹ್ನ ಹಿತ್ತಲಿನಿಂದ ಹೊಗೆ. ನೀರೊಲೆಯಲ್ಲಿ ಹಸಿ ಎಲೆ, ಹಸಿ ಕೊಂಬೆ ತುರುಕಿ ಊದುತ್ತಾ ಕೂತಿದ್ದರು. ಕಣ್ಣಲ್ಲಿ ನೀರು, ಮೂಗಿನಲ್ಲಿ ನೀರು. ಹಸಿ ಎಲೆ ಯಾರಾದರೂ ಸುಡುತ್ತಾರೆಯೇ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ ನೋಡಿ ನನಗೆ ಕಣ್ಣಲ್ಲೇ ಕನಿಕರ ಹೇಳಿದರು. ನನಗೆ ಆ ಕನಿಕರ ಕಂಡರೆ ಮೈ ಉರಿಯುತ್ತದೆ.

ಮರುದಿನ ಅದೇ ಕೆಲಸ. ಅದರ ಮರುದಿನವೂ. ಮೂರನೆಯ ಗಿಡ ಮುಗಿಸಿ ಎರಡನೆಯದಕ್ಕೆ ಬಂದರು. ಕೈ ತುಂಬ ಬೊಬ್ಬೆ. ರಾತ್ರಿ ಉರಿ ಉರಿ ಎನ್ನುವುದು, ಬೆಳಗಾದರೆ ಮರೆತು ಮತ್ತೆ ಕತ್ತರಿ. ನಮ್ಮ ಮನೆಯವರಿಗೆ ಹೇಳಿದೆ. “ನೀನ ನೋಡು, ನನಗ ತಿಳೀವಲ್ದು” ಎಂದರು. ಮನೆಯ ಕಷ್ಟದ ಮಾತು ಬಂದರೆ ಅವರದು ಇದೇ ಒಂದು ಮಾತು.

ನಾಲ್ಕನೆಯ ದಿನ ಅತ್ತೆ ಸ್ನಾನಕ್ಕೆ ಹೋದಾಗ ಕತ್ತರಿ ತೆಗೆದು ನನ್ನ ಟ್ರಂಕಿನಲ್ಲಿ, ಮಡಚಿಟ್ಟ ಲೈನಿಂಗ್ ಬಟ್ಟೆಗಳ ಕೆಳಗೆ ಹಾಕಿದೆ. ಅವರ ಕೈ ಉಳಿಯಲಿ ಎಂದು ಮಾಡಿದೆ, ಗಿಡ ಉಳಿಯಲಿ ಎಂದೂ ಮಾಡಿದೆ. ಇದನ್ನು ನಾನು ಎಲ್ಲರಿಗೂ ಹೇಳಿದ್ದೇನೆ. ಹೇಳದ್ದು ಒಂದಿದೆ. ಟ್ರಂಕಿನ ಮುಚ್ಚಳ ಹಾಕುವಾಗ ನನಗೆ ಸ್ವಲ್ಪ ಖುಷಿಯಾಯಿತು. ಇಷ್ಟು ವರ್ಷ ಮುಟ್ಟಬ್ಯಾಡ ಮುಟ್ಟಬ್ಯಾಡ ಎಂದದ್ದು ಈಗ ನನ್ನ ಬಟ್ಟೆಯ ಕೆಳಗೆ ಬಿದ್ದಿದೆ ಎಂದು. ಕೊಡುವವರೆಗೂ ಮುಟ್ಟುವುದಿಲ್ಲ ಎಂದು ಹಟ ಹಿಡಿದವಳು ನಾನೇ, ಕದ್ದವಳೂ ನಾನೇ.

ಅವರು ಹುಡುಕಿದರು. ಸ್ಟೂಲಿನ ಕೆಳಗೆ, ಡ್ರಮ್ಮಿನ ಹಿಂದೆ, ದೇವರ ಮಾಡದಲ್ಲಿ, ಅಕ್ಕಿ ಡಬ್ಬಿಯಲ್ಲಿ. ಏನು ಹುಡುಕುತ್ತೀರಿ ಎಂದರೆ ಕೈಯನ್ನು ಮುಂದೆ ಮಾಡಿ, ಬೆರಳು ಮಡಚಿ ಬಿಚ್ಚಿ ತೋರಿಸುತ್ತಿದ್ದರು. ಹೆಸರು ಮರೆತಿತ್ತು, ಬೆರಳಿಗೆ ಗೊತ್ತಿತ್ತು. ನಾನು “ಏನೋ ಗೊತ್ತಿಲ್ಲ ಅತ್ತಿ” ಎಂದು ಮಷೀನು ತುಳಿದೆ. ಹನ್ನೆರಡು ಹದಿಮೂರು ದಿನ ಹುಡುಕಿರಬೇಕು. ನಡುವೆ ಒಂದೆರಡು ಸಲ ಎಲೆಗಳನ್ನು ಬರಿಗೈಯಲ್ಲೇ ಕಿತ್ತರು, ನಾನು ಎಬ್ಬಿಸಿ ಒಳಗೆ ಕರೆತಂದು ಟಿವಿ ಮುಂದೆ ಕೂರಿಸಿದೆ. ಆಮೇಲೆ ಹುಡುಕುವುದನ್ನು ಬಿಟ್ಟರು. ಬೆರಳುಗಳು ಮಾತ್ರ ಮಡಿಲಲ್ಲಿ ಕೆಲವು ದಿನ ಆಡುತ್ತಿದ್ದವು. ಅದೂ ನಿಂತಿತು.

ನಾನು ಅದನ್ನು ನೆಮ್ಮದಿ ಎಂದುಕೊಂಡೆ. ಯಾಕೆಂದರೆ ಅಷ್ಟರಲ್ಲಿ ಗೌರಿ ಹಬ್ಬ, ಅದರ ಹಿಂದೆ ದಸರಾ, ಅದರ ಹಿಂದೆ ದೀಪಾವಳಿ. ಹೊಲಿಯುವವರಿಗೆ ಅದು ಉಸಿರಾಡಲೂ ಬಿಡದ ಕಾಲ. ದಸರೆಗೆ ನಾನೇ ಒಮ್ಮೆ ಗಿಡ ಸವರಬೇಕು ಎಂದುಕೊಂಡಿದ್ದೆ, ಅದು ಇವತ್ತು ನಾಳೆ ಎಂದು ಉಳಿದೇ ಹೋಯಿತು. ಆದರೆ ಎಲೆ ಒರೆಸುವುದನ್ನು ಮಾತ್ರ ನಾನು ಬಿಡಲಿಲ್ಲ. ಇದನ್ನು ಹೇಳಲೇಬೇಕು. ಎಲೆಯ ಕೆಳಗೆಲ್ಲ ಕೆಂಪು ಹೆಚ್ಚಾಗಿತ್ತು. ಈ ವರ್ಷ ಧೂಳು ವಿಪರೀತ ಎಂದು ಬೈದುಕೊಂಡು, ಒಂದು ಬಕೆಟ್ಟು ನೀರು, ಒಂದು ಬಟ್ಟೆ ಇಟ್ಟುಕೊಂಡು ಮೂರೂ ಗಿಡವನ್ನು ಎಲೆ ಎಲೆಯಾಗಿ ಒರೆಸಿದೆ. ಒರೆಸಿದ ನೀರನ್ನು ಸುಮ್ಮನೆ ಚೆಲ್ಲುವುದು ಯಾಕೆ ಎಂದು ಅದೇ ಡ್ರಮ್ಮಿಗೆ ಸುರಿದೆ. ಅತ್ತೆಗಿಂತ ನಾನೇನು ಕಡಿಮೆ ಎಂದು ತೋರಿಸಿಕೊಳ್ಳುವ ಆಸೆಯೂ ಇತ್ತು. ನೋಡಬೇಕಾದವರು ಟಿವಿ ಮುಂದೆ ಕೂತಿದ್ದರು.

ಎಲೆ ಹಳದಿಯಾಗಿ ಉದುರಲು ಶುರುವಾಯಿತು. ಮೊದಲು ಎರಡನೆಯ ಡ್ರಮ್ಮು, ಆಮೇಲೆ ಮೊದಲನೆಯದು. ಅತ್ತೆ ಸವರಿದ ಮೂರನೆಯದರಲ್ಲಿ ಬಂದಿದ್ದ ಹೊಸ ಚಿಗುರಿನ ಎಲೆಗಳೂ ಚುಕ್ಕಿ ಬಿದ್ದು ಕಳಚಿದವು. ಕಾಯಿ ಬಲಿಯದೆ ಮುದುರಿ ಬಿದ್ದವು. ದೀಪಾವಳಿ ಮುಗಿದು ಹದಿನೈದು ದಿನಕ್ಕೆ ಅಂಗಳದಲ್ಲಿ ಮೂರು ಡ್ರಮ್ಮು, ಅವುಗಳಲ್ಲಿ ಬೂದು ಬಣ್ಣದ ಕೋಲುಗಳು.

ಆ ವಾರದಲ್ಲೇ ಒಂದು ಸಂಜೆ ಅತ್ತೆ ಅಡ್ಡಾಡಲು ಹೋದವರು ಬರುತ್ತಿರುವುದು ಕಿಟಕಿಯಿಂದ ಕಂಡಿತು. ಪ್ರತಿ ಮನೆಯ ಮುಂದೆ ನಿಂತು ನೋಡುತ್ತಾ ಬಂದರು. ನಮ್ಮ ಮನೆಯ ಮುಂದೆಯೂ ನಿಂತರು. ಡ್ರಮ್ಮುಗಳನ್ನು ನೋಡಿದರು. ಸ್ವಲ್ಪ ಹೊತ್ತು ನೋಡಿ ಮುಂದೆ ಹೋದರು. ನಾನು ಮಷೀನು ಬಿಟ್ಟು ಓಡಿ ಹೋಗಿ, “ಅತ್ತಿ, ಮನಿ ಇಲ್ಲೈತಿ ಬರ್ರಿ” ಎಂದು ಕೈ ಹಿಡಿದೆ. “ಅಲ್ಲಬೇ, ನಮ್ಮ ಮನಿ ಮುಂದ ಗಿಡ ಅದಾವ” ಎಂದು ಕೈ ಬಿಡಿಸಿಕೊಂಡರು. ಎಳೆದುಕೊಂಡೇ ಬರಬೇಕಾಯಿತು. ರಸ್ತೆಯಲ್ಲಿ ಎಲ್ಲರ ಎದುರು ಎಂಬತ್ತರ ಹತ್ತಿರದ ಮುದುಕಿಯನ್ನು ಎಳೆದುಕೊಂಡು ಬರುವ ಸೊಸೆ. ಮನೆಯೊಳಗೆ ಬಂದಮೇಲೂ ಅವರು ಬಾಗಿಲ ಬಳಿ ನಿಂತೇ ಇದ್ದರು, ಕರೆಯದೆ ಬಂದ ಮನೆಯಲ್ಲಿ ನಿಲ್ಲುವ ಹಾಗೆ. ನಾನು ಅಡಿಗೆ ಮನೆಗೆ ಹೋಗಿ ಅತ್ತುಬಿಟ್ಟೆ. ಬೇರೆ ಏನು ಮಾಡಬೇಕೋ ನಿಜವಾಗಿ ಗೊತ್ತಾಗಲಿಲ್ಲ.

ಹೊಸ ಅಕ್ಕಿ ಬಂದಾಗ ಅತ್ತೆಯ ತಮ್ಮ ಪ್ರತಿ ವರ್ಷ ಒಂದು ಚೀಲ ತಂದು ಕೊಡುತ್ತಾರೆ. ಎಮ್ಮಿಗನೂರಿನಲ್ಲಿ ಈಗಲೂ ಗದ್ದೆ ಮಾಡಿಸುತ್ತಾರೆ. ಆ ಸಲವೂ ಬಂದರು. ಚೀಲ ಇಳಿಸಿ, ನೀರು ಕುಡಿದು, ಅಂಗಳದಲ್ಲಿ ನಿಂತು ಗಿಡ ನೋಡಿದರು. ಬುಡದಲ್ಲಿ ಬಿದ್ದ ಒಂದು ಎಲೆ ಎತ್ತಿಕೊಂಡು ಮಗುಚಿ, ಹೆಬ್ಬೆರಳಿನಿಂದ ತಿಕ್ಕಿ ನೋಡಿದರು.

“ಇದು ಯಾವಾಗಿಂದ ಐತಿ?”

“ಅದು ಧೂಳು ಮಾವ. ನಮ್ಮ ಕಡೆ ಎಲ್ಲಾ ಹಂಗ” ಎಂದೆ.

ಅವರು ನಿಧಾನಕ್ಕೆ ಹೇಳಿದರು. “ಧೂಳು ಮ್ಯಾಲಿಂದ ಬೀಳತೈತಿ ಯವ್ವಾ. ಎಲಿ ಮ್ಯಾಗ ಕುಂದುರತೈತಿ. ಕೆಳಗ ಹೆಂಗ ಹೋಗತೈತಿ?”

ಇಷ್ಟೇ ಮಾತು. ಯಾವ ಓದೂ ಬೇಡ ಇದಕ್ಕೆ. ಮೂವತ್ತು ವರ್ಷ ಈ ಊರಿನ ಕೆಂಪನ್ನು ಒರೆಸಿದ ನನಗೆ ಇದು ಹೊಳೆಯಲಿಲ್ಲ. ಬೇರೆ ಯಾವ ಊರಿನಲ್ಲಿದ್ದರೂ ಹೊಳೆಯುತ್ತಿತ್ತೇನೋ. ಇಲ್ಲಿ ಕೆಂಪು ಕಂಡರೆ ಯಾರೂ ಎರಡನೆಯ ಸಲ ನೋಡುವುದಿಲ್ಲ.

“ಇದು ತುಕ್ಕು ರೋಗ” ಎಂದರು ಅವರು. “ಮಳಿಗಾಲದಾಗ ಬರತೈತಿ. ಕಂಡ ಕೂಡ್ಲೆ ಆ ಕೊಂಬಿ ಕಡದು, ಎಲಿ ಆರಿಸಿ ಸುಟ್ಟು ಬಿಡಬೇಕು. ಆ ಎಲಿ ಮುಟ್ಟಿದ ನೀರು ಸೈತ ಗಿಡಕ್ಕ ಹಾಕಬಾರದು. ನಮ್ಮಪ್ಪ ಹಂಗ ಮಾಡತಿದ್ದ. ಅಕ್ಕಗ ನನಗಿಂತ ಚಲೋ ಗೊತ್ತೈತಿ. ಆಕಿ ನೋಡಲಿಲ್ಲೇನು?”

“ನೋಡಿದ್ರು” ಎಂದೆ. ಹಾಳಾಗೈತಿ ಎಂದು ಎಲೆ ಹಿಡಿದು ತೋರಿಸಿದ ಅವರ ಕೈ, ನೀರೊಲೆಯ ಹೊಗೆ, ದೂರ ಹೋಗಿ ಚೆಲ್ಲುತ್ತಿದ್ದ ಬಕೆಟ್ಟು, ಎಲ್ಲ ಒಟ್ಟಿಗೆ ನನ್ನ ಮುಂದೆ ಬಂದು ನಿಂತವು. ಅವರು ಹುಚ್ಚಿಯಂತೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಇಡೀ ಮನೆಯಲ್ಲಿ ಕೆಲಸ ತಿಳಿದು ಮಾಡುತ್ತಿದ್ದವರು ಅವರೊಬ್ಬರೇ ಇದ್ದರೋ ಏನೋ. ಏನೋ ಎನ್ನುತ್ತೇನೆ, ಏಕೆಂದರೆ ಅದೂ ಖಾತ್ರಿಯಿಲ್ಲ. ಮೊದಲ ದಿನ ರೋಗ ಕಂಡು ಕಡಿದಿರಬಹುದು, ಮೂರನೆಯ ದಿನ ಬರೀ ಕೈ ಆಡುವ ರೂಢಿಗೆ ಕಡಿದಿರಬಹುದು. ಕೇಳೋಣವೆಂದರೆ ಈಗ ಯಾರನ್ನು ಕೇಳಲಿ.

“ಗಿಡ ಸಾಯಂಗಿಲ್ಲ, ಹೆದರಬ್ಯಾಡ” ಎಂದರು ಅತ್ತೆಯ ತಮ್ಮ. “ಈಗರ ಕತ್ತರಿ ಹಾಕು. ಅಕ್ಕನ ಕೈಲೆ ಹಾಕಸು. ಆಕಿಗೂ ಒಂದು ಆಟ ಆಗತೈತಿ.”

ಟ್ರಂಕು ತೆಗೆದೆ. ಲೈನಿಂಗ್ ಬಟ್ಟೆ ಸರಿಸಿ ಕತ್ತರಿ ಹೊರಗೆ ತೆಗೆದೆ. ಸ್ಪ್ರಿಂಗಿಗೆ ಮಷೀನಿನ ಎಣ್ಣೆ ಬಿಟ್ಟು ಒರೆಸಿದೆ. ಅತ್ತೆಯ ಎರಡೂ ಕೈಗೆ ಹಸಿರು-ಹಳದಿ ತೋಳು ಏರಿಸಿದೆ. ಅವರು ಸುಮ್ಮನೆ ಕೈ ಚಾಚಿ ಕೊಟ್ಟರು, ಬ್ಲೌಸಿನ ಅಳತೆಗೆ ನಿಂತವರ ಹಾಗೆ. ಕೈ ಹಿಡಿದು ಅಂಗಳಕ್ಕೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿ, ಬಲಗೈಗೆ ಕತ್ತರಿ ಇಟ್ಟು ಬೆರಳು ಮಡಚಿದೆ. ಅವರ ತಮ್ಮ ಒಂದು ಕೊಂಬೆಯನ್ನು ಬಗ್ಗಿಸಿ ಹತ್ತಿರ ಹಿಡಿದರು.

“ಅತ್ತಿ, ಹಾಕ್ರಿ. ಮೂರು ಕಣ್ಣು ಬಿಟ್ಟು” ಎಂದೆ.

ಅವರು ಕತ್ತರಿಯನ್ನು ನೋಡಿದರು. ತಿರುವಿ ಆ ಕಡೆ ನೋಡಿದರು, ಈ ಕಡೆ ನೋಡಿದರು. ಬೆರಳು ಮಡಚಲಿಲ್ಲ. ಕತ್ತರಿ ಅಂಗೈ ಮೇಲೆ ಸುಮ್ಮನೆ ಮಲಗಿತ್ತು, ಯಾರೋ ಕೊಟ್ಟ ಪ್ರಸಾದದ ಹಾಗೆ. ಹೆಸರು ಹೋದಮೇಲೂ ಬೆರಳಲ್ಲಿ ಉಳಿದಿತ್ತಲ್ಲ, ಅದು ಈಗ ಇರಲಿಲ್ಲ. ನಾಲ್ಕು ತಿಂಗಳು ನನ್ನ ಬಟ್ಟೆಯ ಕೆಳಗೆ ಇಟ್ಟುಕೊಂಡದ್ದು ಕತ್ತರಿಯೊಂದನ್ನೇ ಅಲ್ಲ ಎಂದು ಆಗ ನನಗೆ ತಿಳಿಯಿತು. ನಾನು ಅವರ ಬೆರಳನ್ನು ನನ್ನ ಬೆರಳಿನಿಂದ ಮತ್ತೆ ಮಡಚಿದೆ. ಬಿಟ್ಟರೆ ಬಿಚ್ಚಿಕೊಂಡವು.

ಅವರು ಸೆರಗಿನಿಂದ ಅಲಗನ್ನು ಒಮ್ಮೆ ಒರೆಸಿ, ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ಚಾಚಿದರು.

“ನಿಮ್ಮದೇನ್ರಿ ಇದು? ಚಲೋ ಐತಿ. ತಗೊಳ್ರಿ” ಎಂದರು.

ಹುಡುಗಿ ಎನ್ನಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಕೊಡುವ ಮರ್ಯಾದೆ ಅದು. ನಾನು ಎರಡೂ ಕೈ ಒಡ್ಡಿ ತೆಗೆದುಕೊಂಡೆ. ಅವರ ತಮ್ಮ ಕೊಂಬೆ ಬಿಟ್ಟು ಆ ಕಡೆ ಹೋಗಿ ನಿಂತರು.

ಆಮೇಲೆ ಗಿಡ ಸವರಿದವಳು ನಾನೇ. ಮೊದಲ ಕೊಂಬೆ ಹಿಡಿದು ತಿರುವಿದೆ. ಒಂದು, ಎರಡು, ಮೂರು. ಮೂರನೆಯ ಕಣ್ಣು ಒಳಗೆ ಮುಖ ಮಾಡಿದೆಯೋ ಹೊರಗೋ ನನಗೆ ಗೊತ್ತಾಗಲಿಲ್ಲ.

“ಅತ್ತಿ, ಇಲ್ಲಿ ಹಾಕಲೇನ್ರಿ?” ಎಂದು ಕೇಳಿದೆ.

ಅವರು ಹಸಿರು ತೋಳು, ಹಳದಿ ತೋಳು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ನನ್ನ ಕಡೆ ನೋಡಿ ತುಂಬಾ ಸಮಾಧಾನದಿಂದ ನಕ್ಕರು. “ನಿಮಗ ಗೊತ್ತೈತಲ್ರಿ” ಎಂದರು.

ಗೊತ್ತಿರಲಿಲ್ಲ. ಹಾಕಿದೆ. ಹಾಲು ಒಸರಿ ಮುಂಗೈ ಮೇಲೆ ಇಳಿಯಿತು, ನನ್ನ ಕೈಗೆ ಬಟ್ಟೆಯ ತೋಳು ಇರಲಿಲ್ಲ.